ವಾಪಸು ಬಂದ ಒಂದು ಗಂಟೆ

ಮೂವತ್ತೆಂಟು ವರ್ಷ ಈ ಊರಿನ ಬಾಯಿಗಳಿಗೆ
ಹಲ್ಲು ಕಟ್ಟಿದವಳು ನಾನು.
ಸ್ವಾನ್ಸಿಯ ಬಸ್ಸಿನಲ್ಲಿ ಯಾರಾದರೂ ಆಕಳಿಸಿದರೆ
ಹೆಸರಿಗೆ ಮುಂಚೆ ದವಡೆ ನೆನಪಾಗುತ್ತಿತ್ತು.
ಈಗ ಎಲ್ಲರ ಬಾಯಿಗೂ ಬಟ್ಟೆ.
ಊರಿಗೆ ಊರೇ ಅಪರಿಚಿತ.

ಮಾರ್ಚಿನಲ್ಲಿ ಸರ್ಕಾರದ ಕಾಗದ ಬಂತು:
ನಿಮ್ಮ ಶ್ವಾಸಕೋಶ ದುರ್ಬಲ,
ಹನ್ನೆರಡು ವಾರ ಹೊಸ್ತಿಲು ದಾಟಬೇಡಿ.
ಕಿಟಕಿ ತೆರೆಯಬಹುದು. ಅಷ್ಟು ದಯೆ.
ಫ್ರಿಜ್ಜಿಗೆ ಅಂಟಿಸಿದೆ. ಬೇಸಿಗೆ ಬಂದು ಹೋಯಿತು,
ಅಕ್ಟೋಬರಿನಲ್ಲಿ ಮತ್ತೆ ಬೀಗ.
ಆ ಕಾಗದ ಹಿಡಿದ ಅಯಸ್ಕಾಂತ ಮಾತ್ರ
ಒಂದು ಕೂದಲೆಳೆ ಜಾರಿಲ್ಲ.

ಹಗಲು ಹೇಗೋ ಸಾಗುತ್ತದೆ:
ಬೇಳೆ ಆರಿಸುವುದು,
ಆರಿಸಿದ ಬೇಳೆಯನ್ನೇ ಮತ್ತೆ ಆರಿಸುವುದು.
ಬೆಳಗಿನ ಜಾವ ಮೂರರದ್ದೇ ಕಷ್ಟ.
ಗಂಟಲು ಕೆರೆದರೆ, ಇದು ಅದೇನಾ?
ಕೆರೆಯದಿದ್ದರೆ, ಯಾಕೆ ಕೆರೆಯುತ್ತಿಲ್ಲ?
ಎದ್ದು ಕಾಫಿಪುಡಿಯ ಡಬ್ಬಿ ಮೂಸುತ್ತೇನೆ,
ವಾಸನೆ ಬಂದರೆ ಇನ್ನೊಂದು ದಿನ ಗಿಟ್ಟಿತು.
ಚಿಂತೆಗೂ ಚಿತೆಗೂ ನಡುವೆ ಒಂದೇ ಸೊನ್ನೆ ಅನ್ನುತ್ತಾರಲ್ಲ,
ಆ ಸೊನ್ನೆಯೊಳಗೆ ಬೆರಳು ತೂರಿಸಿ ಕೂರುತ್ತೇನೆ.
ಕೆಂಪು ಅಂಕಿ ಮಿಣುಕುತ್ತದೆ: ತೊಂಬತ್ತೈದು. ತೊಂಬತ್ತನಾಲ್ಕು.
ತೊಂಬತ್ತೈದು.

ಎದುರು ಮನೆಯ ಬ್ರಾನ್ವೆನ್‌ಗೆ ಎಂಬತ್ತಮೂರು.
ವಾರಿಜಾ ಎನ್ನಲು ನಾಲಿಗೆ ಹೊರಳದೆ
ಮೊದಲ ದಿನದಿಂದಲೂ ನನ್ನನ್ನು 'ವರಿ' ಅನ್ನುತ್ತಾಳೆ.
ಮೊದಮೊದಲು ತಿದ್ದುತ್ತಿದ್ದೆ.
ಈ ವರ್ಷ ಬಿಟ್ಟುಬಿಟ್ಟೆ,
ಸರಿಯಾಗೇ ಕರೆಯುತ್ತಿದ್ದಾಳೆ.

ನಮ್ಮಿಬ್ಬರದೊಂದು ಕರಾರು:
ಬೆಳಗ್ಗೆ ಎಂಟಕ್ಕೆ ಇಬ್ಬರೂ ಪರದೆ ಸರಿಸಬೇಕು.
ಸರಿದರೆ ಇದ್ದೇವೆ.
ಸರಿಯದಿದ್ದರೆ...
ಆ ವಾಕ್ಯವನ್ನು ಇಬ್ಬರೂ ಮುಗಿಸಿರಲಿಲ್ಲ.

ಆ ಭಾನುವಾರ ಎಂಟಾಯಿತು.
ಎಂಟೂ ಐದು. ಎಂಟೂ ಹತ್ತು.
ಹಸಿರು ಪರದೆ ಅಲ್ಲಾಡಲಿಲ್ಲ.
ಅವಳ ಫೋನು ಹನ್ನೆರಡು ಸಲ ಬಡಿದುಕೊಂಡು ಸುಮ್ಮನಾಯಿತು.
ಆಮೇಲೆ ನನ್ನ ಕಾಲು ನನ್ನನ್ನು ಕೇಳಲಿಲ್ಲ.
ನೈಟಿಯ ಮೇಲೆ ಕೋಟು, ಕಾಲಿಗೆ ಮನೆಯೊಳಗಿನ ಉಣ್ಣೆ ಚಪ್ಪಲಿ,
ಏಳು ತಿಂಗಳಲ್ಲಿ ಮೊದಲ ಸಲ ಬೀದಿ!
ಕಡಿದಾದ ಬೀದಿ, ತುದಿಯಲ್ಲಿ ಸಮುದ್ರ,
ಇನ್ನೇನು ಉರುಳಿಯೇ ಬಿಟ್ಟವು ಎಂಬಂತೆ ನಿಂತ ಕಾರುಗಳು,
ಚಿಮಣಿಯ ಮೇಲೆ ಕೂತು ಬೈಯುತ್ತಿದ್ದ ಕಡಲಹಕ್ಕಿ.
ಗಾಳಿಯ ಉಪ್ಪು ಮೂಗಿಗೆ ಗೊತ್ತಾಯಿತು.
ಗೊತ್ತಾಯಿತೆಂದು ಆಮೇಲೆ ಗೊತ್ತಾಯಿತು.

ಬಾಗಿಲು ಬಡಿದೆ. ಊರುಗೋಲಿನಿಂದ, ಮುಷ್ಟಿಯಿಂದ.
ಮೇಲಿನ ಕಿಟಕಿ ತೆರೆಯಿತು.
ತಲೆತುಂಬ ಗುಲಾಬಿ ರೋಲರು, ಬಾಯಲ್ಲಿ ಒಂದೂ ಹಲ್ಲಿಲ್ಲ:
'ಏಳೂ ಕಾಲು, ವರಿ!
ಗಡಿಯಾರ ಹಿಂದಕ್ಕೆ ತಿರುಗಿಸಲಿಲ್ಲವೇನೇ?
ಫೋನು ಬಡಿದದ್ದೂ ನೀನೇನಾ?
ಹಾಳಾದ್ದು ಮೆಟ್ಟಿಲ ಕೆಳಗಿದೆ.'

ಚಳಿಗಾಲದ ಲೆಕ್ಕ. ವರ್ಷಕ್ಕೊಮ್ಮೆ ಈ ದೇಶ
ಎಲ್ಲರಿಗೂ ಒಂದು ಗಂಟೆ ವಾಪಸು ಕೊಡುತ್ತದೆ,
ರಾತ್ರಿ, ಯಾರೂ ಎಚ್ಚರವಿಲ್ಲದ ಹೊತ್ತು ನೋಡಿ.
ಎಚ್ಚರವಿದ್ದ ನಾನೇ ಮರೆತಿದ್ದೆ.

ನಕ್ಕಳು. ಆ ಬೋಳು ವಸಡು ನನಗೆ ಪರಿಚಯ.
ಅದರ ಪ್ಲಾಸ್ಟರಿನ ಅಚ್ಚನ್ನು ಒಂದು ವಾರ
ಕೈಯಲ್ಲಿ ಹಿಡಿದು ಕೂತಿದ್ದೆ ಹಿಂದೆ,
ಬಲಗಡೆ ಮೇಲೆ ಸ್ವಲ್ಪ ತಗ್ಗು.
ಟೀವಿ ಬಿಟ್ಟರೆ, ಏಳು ತಿಂಗಳಲ್ಲಿ
ಇಷ್ಟು ಹತ್ತಿರದಿಂದ ಕಂಡ ಮೊದಲ ಬಾಯಿ.
'ಇರು, ಹಲ್ಲು ಹಾಕಿಕೊಂಡು ಬರುತ್ತೇನೆ' ಎಂದಳು.
ಬೇಡ ಎಂದೆ. ಹಾಗೇ ಇರು.

ಅವಳು ಮೇಲೆ, ನಾನು ಗಿಡ್ಡಗೋಡೆಯ ಮೇಲೆ,
ನಡುವೆ ಸರ್ಕಾರ ಹೇಳಿದ್ದಕ್ಕಿಂತ ಒಂದು ಮೊಳ ಹೆಚ್ಚೇ.
ಏನು ಮಾತಾಡಿದೆವೋ. ಕಸದ ಗಾಡಿಯ ದಿನ,
ಅವಳ ತಮ್ಮನ ಪಾರಿವಾಳ, ನನ್ನ ಮಂಡಿ.
ಸಾವಿನ ಸುದ್ದಿ ಒಮ್ಮೆ ಬಂತು, ಹೆಚ್ಚು ಹೊತ್ತು ನಿಲ್ಲಲಿಲ್ಲ.

ಎಂಟಕ್ಕೆ ಸರಿಯಾಗಿ ಒಳಗೆ ಬಂದು ಪರದೆ ಸರಿಸಿದೆ.
ಕರಾರು ಕರಾರೇ.
ಎದುರಿನ ಹಸಿರೂ ಸರಿಯಿತು.

ಗೋಡೆಯ ಗಡಿಯಾರ ಮಾತ್ರ ಇನ್ನೂ ತಿರುಗಿಸಿಲ್ಲ.
ಅದು ಮೂರು ಹೊಡೆದಾಗ ಎಚ್ಚರವಾದರೆ
ನಿಜಕ್ಕೂ ಎರಡೇ, ಇನ್ನೂ ಹೊತ್ತಿದೆ ಎಂದು
ಮಗ್ಗುಲು ಬದಲಿಸಬಹುದು.
ನಿನ್ನೆ ಬೆರಳು ತೂರಿಸಿ ನೋಡಿದೆ,
ತೊಂಬತ್ತನಾಲ್ಕು.
ಇರಲಿ ಎಂದೆ.